ವಿಲ್‌ಸೆಷ್‌ನ ಬೋಳು ಲ್ಯಾವೆಂಡರ್

ಕಾಸಿಮಿರ್ ರೂಮ್ಯೂ ಕೆಟ್ಟವನಲ್ಲ, ದಡ್ಡನೂ ಅಲ್ಲ. ಯಾರಾದರೂ ಏನಾದರೂ ಹೇಳಿದರೆ ಅದರಲ್ಲಿ ಮುಕ್ಕಾಲು ಪಾಲು ಕೇಳಿಸಿಕೊಂಡು, ಉಳಿದ ಕಾಲು ಪಾಲನ್ನು ತಾನೇ ತುಂಬಿಕೊಳ್ಳುವ ಸ್ವಭಾವ, ಅಷ್ಟೆ. ಇದಕ್ಕೆ ಅವನ ವೃತ್ತಿಯೂ ಕಾರಣವಿರಬಹುದು. ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಬೆಟ್ಟದ ದಾರಿಗಳಲ್ಲಿ ಅವನು ಬದುಕಿಡೀ ಬಸ್ಸು ಓಡಿಸಿದವನು. ಬಸ್ಸು ಓಡಿಸುವವನು ಹಿಂದಿನಿಂದ ಬರುವ ಮಾತನ್ನೆಲ್ಲ ಕಿವಿಗೆ ಹಾಕಿಕೊಂಡರೆ ಬಸ್ಸು ಮುಂದೆ ಹೋಗುವುದಿಲ್ಲ. ನಿವೃತ್ತನಾದ ಮೇಲೆ ಬಸ್ಸು ಹೋಯಿತು, ಕಿವಿ ಮಾತ್ರ ಹಾಗೇ ಉಳಿಯಿತು.

ಆಗಸ್ಟ್ ಮುಗಿಯುತ್ತ ಬಂದಿತ್ತು. ಅವನ ಹೆಂಡತಿ ಒನೊರೀನ್ ತೂಲೋನಿಗೆ ಹೊರಟಿದ್ದಳು. ಅಲ್ಲಿ ಅವಳ ತಂಗಿಗೆ ಮಂಡಿಯ ಆಪರೇಷನ್. ತಂಗಿ ಎದ್ದು ಓಡಾಡುವವರೆಗೆ ಅಲ್ಲೇ ಇರಬೇಕು. ಗಂಡನನ್ನು ಒಂಟಿಯಾಗಿ ಬಿಟ್ಟು ಹೋಗುವ ಹೆಂಗಸು ಹೇಳಬೇಕಾದ್ದೆಲ್ಲ ಅವಳು ಮನೆಯಲ್ಲೇ ಹೇಳಿದ್ದಳು. ಸೂಪು ಎಲ್ಲಿದೆ, ಗ್ಯಾಸು ಹೇಗೆ ಆರಿಸಬೇಕು, ಬೆಕ್ಕು ಯಾವುದನ್ನು ತಿನ್ನುವುದಿಲ್ಲ. ಒಂದು ಮಾತು ಮಾತ್ರ ಬಸ್ಸಿನ ಮೆಟ್ಟಿಲು ಹತ್ತುವಾಗ ನೆನಪಾಯಿತು.

"ಕಾಸಿಮಿರ್, ಅಮ್ಮನ ಲ್ಯಾವೆಂಡರ್! ಹೂವೆಲ್ಲ ಒಣಗಿದೆ. ನಾನು ಬರ್ಲಿ ಅಂತ ಕಾಯ್ತಾ ಕೂರ್ಬೇಡ, ಈ ವಾರಾನೇ ಸವರಿಬಿಡು. ಎರಡು ಬೆರಳು ಹಸಿರು ಬಿಡು. ಅವು ಮುದಿ ಗಿಡ, ಮರದ ತನಕ ಹೋಗ್..."

ಬುಸ್ ಎಂದು ಬಾಗಿಲು ಮುಚ್ಚಿತು. 'ಬೇಡ' ಎಂಬುದು ಬಸ್ಸಿನೊಳಗೆ ಉಳಿದು ತೂಲೋನಿನ ಕಡೆ ಹೊರಟಿತು.

ಕಾಸಿಮಿರನಿಗೆ ಏನೋ ಉಳಿಯಿತೆಂದು ಅನ್ನಿಸಲೇ ಇಲ್ಲ. ಅವನ ಗಮನವೆಲ್ಲ ಬಾಗಿಲಿನ ಸದ್ದಿನ ಮೇಲಿತ್ತು. 'ಈ ಹೊಸ ಡ್ರೈವರುಗಳು ಬಾಗಿಲಿಗೆ ಎಣ್ಣೆ ಬಿಡೋದೇ ಇಲ್ಲ' ಎಂದು ಮರುಗುತ್ತ ಮನೆಗೆ ಬಂದ. ಹೆಂಡತಿಯ ಮಾತು ಅವನ ತಲೆಯಲ್ಲಿ ಈ ರೂಪದಲ್ಲಿ ಭದ್ರವಾಗಿತ್ತು: ಎರಡು ಬೆರಳು ಬಿಡು, ಮರದ ತನಕ ಹೋಗು.

ಮನೆಯ ಮುಂದೆ ಮೋಟುಗೋಡೆಯ ಉದ್ದಕ್ಕೂ ಆ ಲ್ಯಾವೆಂಡರ್ ಗಿಡಗಳಿದ್ದವು. ಒನೊರೀನಳ ತಾಯಿ ಲ್ಯೂರ್ ಬೆಟ್ಟದಿಂದ ಮಡಿಲಲ್ಲಿಟ್ಟು ತಂದು ನೆಟ್ಟ ವಂಶದವು. ಈಗ ಒಂದೊಂದೂ ಕುರಿಯಷ್ಟು ದಪ್ಪವಾಗಿ, ನಡುವೆ ಸೀಳಿಕೊಂಡು, ಅಂಚಿನಲ್ಲಿ ಮಾತ್ರ ಹಸಿರಾಗಿದ್ದವು. ಕಾಸಿಮಿರ್ ಕತ್ತರಿ ಹಿಡಿದು ಕುಳಿತ. ನೆಲದಿಂದ ಎರಡು ಬೆರಳು ಅಳೆದ. ಕತ್ತರಿಸಿದ. ಹಸಿರೆಲ್ಲ ಹೋಯಿತು, ಬೂದುಬಣ್ಣದ ಕಟ್ಟಿಗೆ ಬಂತು. 'ಮರ ಬಂತು, ಸರಿಯಾಗಿದೆ' ಎಂದುಕೊಂಡ. ಮಧ್ಯಾಹ್ನದ ಊಟದ ಹೊತ್ತಿಗೆ ಅಷ್ಟೂ ಗಿಡಗಳು ತಲೆಕೆಳಗಾಗಿ ಹೂತಿಟ್ಟ ಸವೆದ ಪೊರಕೆಗಳಂತೆ ನಿಂತಿದ್ದವು.

ಎದ್ದು ನಿಂತು ನೋಡಿದಾಗ ಅವನಿಗೂ ಸ್ವಲ್ಪ ಜಾಸ್ತಿಯಾಯಿತೇನೋ ಅನ್ನಿಸಿತು. ಅಷ್ಟರಲ್ಲಿ ಗೋಡೆಯಾಚೆ ಪಕ್ಕದ ಮನೆಯ ಮದಾಂ ಫಿಲೊಮೆನ್ ಅವರ ತಲೆ ಮೇಲೆದ್ದಿತು. ಈ ತಲೆ ದಿನವೂ ಏಳುತ್ತಿತ್ತು. ಸೂರ್ಯನಿಗಾದರೂ ಮೋಡದ ಅಡ್ಡಿ ಉಂಟು, ಇದಕ್ಕಿರಲಿಲ್ಲ.

"ಅಯ್ಯೋ ದೇವ್ರೇ! ಕಾಸಿಮಿರ್, ಏನಯ್ಯಾ ಇದು?"

"ಸವರಿದೆ, ಮದಾಂ."

"ಇದು ಸವರೋದಾ? ಮಿಲಿಟರಿಗೆ ಸೇರೋ ಹುಡುಗ್ರ ತಲೇನ ಹೀಗೆ ಮಾಡ್ತಾರೆ! ಹಸಿರು ಬಿಡ್ಬೇಕು ಅಂತ ನಮ್ಮಮ್ಮ ಬಡ್ಕೋತಿದ್ಲು."

ಇಲ್ಲಿ ಕಾಸಿಮಿರ್ 'ಹೌದಾ?' ಎಂದು ಒಂದು ಮಾತು ಕೇಳಿದ್ದರೆ ಈ ಕಥೆ ಇಲ್ಲೇ ಮುಗಿಯುತ್ತಿತ್ತು. ಆದರೆ ಫಿಲೊಮೆನ್ ಎದುರು ತಪ್ಪು ಒಪ್ಪಿಕೊಂಡರೆ ಅದು ಸಂಜೆಯೊಳಗೆ ಚರ್ಚಿನ ಗಂಟೆಗಿಂತ ದೂರ ಕೇಳಿಸುತ್ತದೆ. ಅವನು ಕತ್ತರಿಯನ್ನು ಒರೆಸುತ್ತ ಗಂಭೀರವಾಗಿ ಹೇಳಿದ:

"ನಿಮ್ಮಮ್ಮ ಮಾಡ್ತಿದ್ದದ್ದು ಹೊಸ ಪದ್ಧತಿ. ಇದು ಹಳೇದು."

"ಯಾರದು?"

"ನಮ್ಮ ತಾತಂದು."

ಅವನ ತಾತ ಊರಿನ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದವನು. ಲ್ಯಾವೆಂಡರ್ ಕಂಡರೆ ಮೂರು ಮನೆ ಆಚೆಯಿಂದಲೇ ಸೀನುತ್ತಿದ್ದ. ಆದರೆ ಫಿಲೊಮೆನ್‌ಗೆ ಅದು ನೆನಪಿರಲಿಲ್ಲ, ಅಥವಾ ಆ ಹೊತ್ತಿಗೆ ನೆನಪಾಗಲಿಲ್ಲ.

"ಹೀಗ್ ಮಾಡಿದ್ರೆ ಏನಾಗುತ್ತೆ?"

"ಬೇರಿಗೆ ಸಿಟ್ಟು ಬರುತ್ತೆ."

"ಬೇರಿಗಾ?"

"ಹೂಂ. ಆ ಸಿಟ್ಟಲ್ಲಿ ಎರಡರಷ್ಟು ಚಿಗುರುತ್ತೆ."

ಫಿಲೊಮೆನ್ ಆ ಬೋಳು ಗಿಡಗಳನ್ನು ದೀರ್ಘವಾಗಿ ನೋಡಿದರು. ಅವರ ಗಂಡನೂ ಬದುಕಿದ್ದಾಗ ಸಿಟ್ಟು ಬಂದರೆ ಎರಡಾಳಿನ ಕೆಲಸ ಮಾಡುತ್ತಿದ್ದ. ಮಾತಿನಲ್ಲಿ ಸತ್ಯವಿದ್ದಂತೆ ತೋರಿತು.

ವಿಲ್‌ಸೆಷ್ ಊರಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ನಿಜವಾಗಿ ಲ್ಯಾವೆಂಡರ್ ಬೆಳೆದು ಬದುಕುವವರೆಲ್ಲ ಮೇಲಿನ ಪ್ರಸ್ಥಭೂಮಿಯಲ್ಲಿದ್ದರು. ಆ ದಿನಗಳಲ್ಲಿ ಎಣ್ಣೆ ತೆಗೆಯುವ ಭಟ್ಟಿಗಳ ಮುಂದಿನಿಂದ ಅಲುಗುತ್ತಿರಲಿಲ್ಲ. ಊರೊಳಗಿದ್ದವರು ನಿವೃತ್ತ ಪೋಸ್ಟ್‌ಮ್ಯಾನ್, ನಿವೃತ್ತ ರೈಲ್ವೆ ಗುಮಾಸ್ತ, ಇಂಥವರು. ಅವರಿಗೆ ಯಾವುದರ ಮೇಲೆ ನಂಬಿಕೆಯಿಲ್ಲದಿದ್ದರೂ 'ಹಳೇದು' ಎಂಬ ಮಾತಿನ ಮೇಲೆ ಮಾತ್ರ ಅಪಾರ ನಂಬಿಕೆ. ಊರಿಗೆ ಹೊಸ ರಸ್ತೆ ಬಂದಿದ್ದರೂ ಗುಂಡಿ ಬಿದ್ದ ಹಳೇ ರಸ್ತೆಯಲ್ಲೇ ಕಾರು ಕುಣಿಸಿಕೊಂಡು ಹೋಗುತ್ತಿದ್ದರು.

ಸಂಜೆ ಕಬ್ಬಿಣದ ಗುಂಡೆಸೆಯುವ ಪೆತಾಂಕ್ ಆಟ ಆಡಲು ಕಾಸಿಮಿರ್ ತಿತೆನ್‌ನ ಕಫೆಗೆ ಹೋದಾಗ ಎಲ್ಲರೂ ಆಟ ನಿಲ್ಲಿಸಿದರು. ಕಫೆಯ ಮಾಲೀಕ ತಿತೆನ್ ಕೇಳದೆಯೇ ಅವನ ಮುಂದೆ ಒಂದು ಲೋಟ ಪಾಸ್ತಿಸ್ ಮದ್ಯ ಇಟ್ಟ.

"ತಾತನ ಪದ್ಧತಿ ಶುರು ಮಾಡಿದ್ಯಂತೆ?"

"ಅದು... ಹಾಗೇನಿಲ್ಲ..."

"ಸುಮ್ನಿರು. ನಮ್ಮ ತಾತಾನೂ ಹೀಗೇ ಮಾಡ್ತಿದ್ದ. ನಾನು ಚಿಕ್ಕೋನಿದ್ದಾಗ ನೋಡಿದೀನಿ. ಇವತ್ತು ನಿನ್ನ ಗೋಡೆ ಪಕ್ಕ ಹೋಗ್ತಿದ್ದಾಗ ಕಣ್ಣಲ್ಲಿ ನೀರು ಬಂತು."

"ಬರೀ ನಿಮ್ಮಿಬ್ರಿಗೇನಾ ತಾತ ಇದ್ದದ್ದು?" ಎಂದು ಮೇಯರ್ ಷಾಬೆರ್ ಮೂಲೆಯ ಮೇಜಿನಿಂದ ಎದ್ದರು. ಪಕ್ಕದ ಊರಿನಲ್ಲಿ ಲ್ಯಾವೆಂಡರ್ ಹಬ್ಬ ನಡೆಯುತ್ತಿತ್ತು. ಅಲ್ಲಿಗೆ ಪ್ರವಾಸಿಗಳು ಬರುತ್ತಿದ್ದರು. ವಿಲ್‌ಸೆಷ್‌ಗೆ ದಾರಿ ತಪ್ಪಿದವರು ಮಾತ್ರ ಬರುತ್ತಿದ್ದರು. ಮೇಯರಿಗೆ ಇದು ಒಳಗಿನ ಹುಣ್ಣು. "ಈ ಪದ್ಧತೀನ ನಮ್ಮ ಮನೆತನದೋರು ರಾಜರ ಕಾಲದಿಂದ ಪಾಲಿಸ್ಕೊಂಡು ಬಂದಿದಾರೆ. ನಡುವೆ ಸ್ವಲ್ಪ ಬಿಟ್ಟುಹೋಗಿತ್ತು. ಇದು ವಿಲ್‌ಸೆಷ್ ಪದ್ಧತಿ! ನಾಳೇನೇ ಊರ ಕಚೇರಿ ಮುಂದಿನ ಸಾಲು ಸವರಿಸ್ತೀನಿ."

"ಮೇಯರ್ ಸಾಹೇಬ್ರೇ, ಒಂದ್ಸಲ ಒನೊರೀನ್‌ನ ಕೇಳಿ ಆಮೇಲೆ..." ಎಂದ ಕಾಸಿಮಿರ್.

"ಹೆಂಗಸ್ರನ್ನ ಕೇಳಿದ್ದಕ್ಕೇ ಹಳೇದೆಲ್ಲ ಹಾಳಾಗಿದ್ದು," ಎಂದರು ಮೇಯರ್. ಇದನ್ನು ಹೇಳುವ ಮೊದಲು ಒಮ್ಮೆ ತಿರುಗಿ ತಮ್ಮ ಹೆಂಡತಿ ಇಲ್ಲವೆಂದು ಖಚಿತಪಡಿಸಿಕೊಂಡರು.

ಮರುದಿನ ಊರಿನಲ್ಲಿ ಕತ್ತರಿಗಳ ಸದ್ದು. ಫಿಲೊಮೆನ್ ತಮ್ಮ ಅಂಗಳ ಬೋಳಿಸಿದರು. ತಿತೆನ್ ಕಫೆಯ ಮುಂದಿನ ಕುಂಡಗಳನ್ನು ಬೋಳಿಸಿದ. ಪಾದ್ರಿಗಳು ಚರ್ಚಿನ ಬಾಗಿಲ ಎರಡೂ ಕಡೆ ಬೋಳಿಸಿ ಪವಿತ್ರ ಜಲ ಚಿಮುಕಿಸಿದರು. ವಾರ ಕಳೆಯುವುದರೊಳಗೆ ವಿಲ್‌ಸೆಷ್‌ನಲ್ಲಿ ಹಸಿರು ಲ್ಯಾವೆಂಡರ್ ಎಲೆಯೊಂದು ಬೇಕೆಂದರೆ ಔಷಧಕ್ಕೂ ಸಿಗದಂತಾಯಿತು.

ಕಾಸಿಮಿರನ ಸ್ಥಿತಿ ವಿಚಿತ್ರವಾಗಿತ್ತು. ತಾನು ಹುಟ್ಟಿಸಿದ ಪದ್ಧತಿಯ ಬಗ್ಗೆ ಈಗ ಎಲ್ಲರೂ ಅವನಿಗೇ ಪಾಠ ಹೇಳುತ್ತಿದ್ದರು. "ಬೇರಿಗೆ ಬರೋದು ಸಿಟ್ಟಲ್ಲ ಕಾಸಿಮಿರ್, ಹಠ," ಎಂದು ಪೋಸ್ಟ್‌ಮ್ಯಾನ್ ತಿದ್ದಿದ. "ಎರಡು ಬೆರಳು ಅಂದ್ರೆ ಹೆಬ್ಬೆರಳು ಸೇರ್ಸಿ," ಎಂದ ತಿತೆನ್. ಇಷ್ಟು ಜನ ಇಷ್ಟು ಖಚಿತವಾಗಿ ಹೇಳುವಾಗ ತನ್ನ ತಾತ ನಿಜಕ್ಕೂ ಏನಾದರೂ ಮಾಡುತ್ತಿದ್ದನೋ ಎಂದು ಅವನಿಗೆ ಅನುಮಾನ ಶುರುವಾಯಿತು. ಹಾಸಿಗೆಯಲ್ಲಿ ಮಲಗಿ ತಾತನ ಸೀನನ್ನು ನೆನಪಿಸಿಕೊಂಡ. ಅದು ಸಿಟ್ಟಿನ ಸೀನೇ ಇರಬಹುದೇ?

ಭಾನುವಾರ ಒನೊರೀನಳ ಫೋನು ಬಂತು.

"ಲ್ಯಾವೆಂಡರ್ ಸವರಿದ್ಯಾ?"

"ಸವರಿದೆ."

"ನಾನು ಹೇಳ್ದ ಹಾಗೇ ತಾನೆ? ಎರಡು ಬೆರಳು ಬಿಟ್ಟು?"

"ಅಳತೆ ಹಿಡಿದು ಬಿಟ್ಟಿದೀನಿ."

"ಅಬ್ಬ! ಜಾಣ ನನ್ನ ಗಂಡ."

ಕಾಸಿಮಿರನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಹೆಂಡತಿಯೇ ಸರಿ ಎಂದ ಮೇಲೆ ಇನ್ನೇನು? ಅಂದಿನಿಂದ ಅವನೂ ಊರಲ್ಲಿ ಎದೆಯುಬ್ಬಿಸಿ ನಡೆದ.

ಅಕ್ಟೋಬರ್ ಬಂತು. ಭಟ್ಟಿಗಳ ಕೆಲಸ ಮುಗಿದು, ಮೇಲಿನ ಪ್ರಸ್ಥಭೂಮಿಯ ಬೆಳೆಗಾರ ಫುಲ್‌ಕ್ರಾನ್ ಟ್ರ್ಯಾಕ್ಟರ್ ಓಡಿಸಿಕೊಂಡು ಬ್ರೆಡ್ಡು ಕೊಳ್ಳಲು ಊರಿಗೆ ಇಳಿದ. ಈತ ಮಾತು ಕಡಿಮೆ ಆಡುವ ಮನುಷ್ಯ. ಮೊದಲನೆಯ ಅಂಗಳ ಕಂಡು ಟ್ರ್ಯಾಕ್ಟರ್ ನಿಧಾನ ಮಾಡಿದ. ಎರಡನೆಯದನ್ನು ಕಂಡು ನಿಲ್ಲಿಸಿದ. ಚರ್ಚಿನ ಬಾಗಿಲು ಕಂಡಾಗ ತಲೆಯ ಟೋಪಿ ತೆಗೆದ. ಅವನ ತರ್ಕ ಸರಳವಾಗಿತ್ತು. ತಲೆ ಸರಿಯಿರುವ ಯಾರೂ ಲ್ಯಾವೆಂಡರನ್ನು ಹೀಗೆ ಕತ್ತರಿಸುವುದಿಲ್ಲ. ಒಬ್ಬನಿಗೆ ತಲೆ ಕೆಟ್ಟಿರಬಹುದು, ಇಡೀ ಊರಿಗೆ ಕೆಡುವುದಿಲ್ಲ. ಹಾಗಾದರೆ ಯಾವುದೋ ಘೋರ ರೋಗ ಬಂದಿದೆ. ಪಾಪ, ರೋಗ ಹಿಡಿದದ್ದನ್ನೆಲ್ಲ ಕತ್ತರಿಸಿದ್ದಾರೆ. ಅವನು ಬ್ರೆಡ್ಡನ್ನೂ ಕೊಳ್ಳದೆ ತಿರುಗಿ ಹೋಗಿ ಕೃಷಿ ಕಚೇರಿಗೆ ಫೋನು ಮಾಡಿದ.

ಕಚೇರಿಯವರು ಮೇಯರಿಗೆ ಫೋನು ಮಾಡಿ, "ನಿಮ್ಮ ಊರಿನ ಲ್ಯಾವೆಂಡರ್ ವಿಷಯ ಗೊತ್ತಾಗಿದೆ, ನಾಳೆ ಅಧಿಕಾರಿ ಬರ್ತಾರೆ," ಎಂದರು. ಅಷ್ಟೇ ಎಂದರು.

ಕೊನೆಗೂ ಊರಿಗೆ ಸರ್ಕಾರದ ಮನ್ನಣೆ ಬಂತೆಂದು ಮೇಯರಿಗೆ ಸಂತೋಷದಲ್ಲಿ ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಿಗ್ಗೆ ಮೇಯರ್ ಪದವಿಯ ಮೂರು ಬಣ್ಣದ ಪಟ್ಟಿಯನ್ನು ಎದೆಗೆ ಅಡ್ಡ ಹಾಕಿಕೊಂಡು, ಕಾಸಿಮಿರನ ಮನೆಯ ಮುಂದೆ ಮೇಜು ಹಾಕಿಸಿ, ಆಲಿವ್, ಆಡಿನ ಹಾಲಿನ ಚೀಸ್, ಪಾಸ್ತಿಸ್ ಜೋಡಿಸಿ, ಊರನ್ನೆಲ್ಲ ಸೇರಿಸಿದರು. ಕಾಸಿಮಿರ್ ಮದುವೆಯ ಕೋಟು ತೊಟ್ಟು ನಿಂತ. ಅದರ ಎರಡು ಅಂಚು ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ.

ಅಧಿಕಾರಿ ಮೊಸ್ಯೊ ಲಾಂಗ್ಲೆ ಉತ್ತರದ ಬಯಲುಸೀಮೆಯವರು, ಬೀಟ್‌ರೂಟ್ ತಜ್ಞರು, ಈ ಕಡೆಗೆ ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಕಾರಿನಿಂದ ಇಳಿದಾಗ ಅವರ ಮೈತುಂಬ ಬಿಳಿ ಪ್ಲಾಸ್ಟಿಕ್ ಉಡುಪು, ಕೈಗೆ ಗವಸು, ಮೂಗಿಗೆ ಮುಸುಕು.

"ದೊಡ್ಡ ಅಧಿಕಾರಿ ಇರ್ಬೇಕು," ಎಂದು ಫಿಲೊಮೆನ್ ಪಿಸುಗುಟ್ಟಿದರು.

ಮೇಯರ್ ಕೈಕುಲುಕಲು ಹೋದರು. ಲಾಂಗ್ಲೆ ಹಿಂದೆ ಸರಿದರು.

"ಯಾರೂ ಹತ್ತಿರ ಬರಬೇಡಿ. ನೇರವಾಗಿ ವಿಷಯಕ್ಕೆ ಬರೋಣ. ಇದು ಶುರುವಾಗಿದ್ದು ಯಾವಾಗ?"

"ರಾಜರ ಕಾಲದಲ್ಲಿ!" ಎಂದರು ಮೇಯರ್.

ಲಾಂಗ್ಲೆ ಬೆಚ್ಚಿದರು. "ಅಷ್ಟು ಹಿಂದಿನಿಂದ? ಯಾಕೆ ಯಾರಿಗೂ ತಿಳಿಸ್ಲಿಲ್ಲ?"

"ನಾವು ವಿನಯದ ಜನ, ಸ್ವಾಮಿ."

"ಮೊದಲು ಯಾರಲ್ಲಿ ಕಾಣಿಸ್ಕೊಳ್ತು?"

"ನಮ್ಮ ತಾತನಲ್ಲಿ!" ಎಂದು ಮೇಯರ್, ತಿತೆನ್, ಪೋಸ್ಟ್‌ಮ್ಯಾನ್ ಒಟ್ಟಿಗೆ ಕೂಗಿದರು.

"ಮನುಷ್ಯರಿಗೂ ಬರುತ್ತಾ ಇದು!" ಲಾಂಗ್ಲೆ ಮುಸುಕನ್ನು ಬಿಗಿ ಮಾಡಿಕೊಂಡರು. "ಹರಡೋದು ಹೇಗೆ?"

"ಬಾಯಿಂದ ಬಾಯಿಗೆ. ಮುಖ್ಯವಾಗಿ ತಿತೆನ್ ಕಫೇಲಿ."

"ತಡೆಯೋಕೆ ಪಂಚಾಯ್ತಿ ಏನು ಮಾಡಿದೆ?"

"ತಡೆಯೋದಾ?" ಮೇಯರಿಗೆ ಅವಮಾನವಾಯಿತು. "ಪ್ರೋತ್ಸಾಹ ಕೊಟ್ಟಿದೀವಿ! ಊರ ಕಚೇರಿ ಮುಂದೆ ನಾನೇ ಖುದ್ದಾಗಿ ಹಬ್ಬಿಸಿದೀನಿ. ಮುಂದಿನ ವರ್ಷ ಪಕ್ಕದ ಊರುಗಳಿಗೂ ಕೊಡ್ಬೇಕು ಅಂತಿದೆ."

"ಅಯ್ಯೋ ದೇವರೇ," ಎಂದರು ಲಾಂಗ್ಲೆ. ಕಾರಿಗೆ ಓಡಿ ಹಳದಿ ಪಟ್ಟಿಯ ಸುರುಳಿ ತಂದು ಕಾಸಿಮಿರನ ಗೇಟಿಗೆ ಅಡ್ಡ ಕಟ್ಟತೊಡಗಿದರು. ರಿಬ್ಬನ್ ಕತ್ತರಿಸುವ ಸಮಾರಂಭವಿರಬೇಕೆಂದು ಊರವರು ಚಪ್ಪಾಳೆ ತಟ್ಟಿದರು. ಮೇಯರ್ ಕತ್ತರಿ ತರಿಸಿದರು.

"ಕತ್ತರಿ ಮುಟ್ಟಿದ್ರೆ ಪೊಲೀಸರನ್ನ ಕರೆಸ್ತೀನಿ!" ಲಾಂಗ್ಲೆ ಕಿರುಚಿದರು. "ಊರಿಂದ ಒಂದು ಕಡ್ಡಿ ಹೊರಗೆ ಹೋಗಕೂಡದು! ಮೊದಲು ಈ ಮನೆಯಿಂದ ಶುರು. ಮನೆಯೋರು ಯಾರು?"

ಎಲ್ಲರೂ ಕಾಸಿಮಿರನನ್ನು ನೋಡಿದರು. ಕಾಸಿಮಿರ್ ಕೋಟಿನ ಗುಂಡಿ ಹಿಡಿದುಕೊಂಡು ಒಂದು ಹೆಜ್ಜೆ ಮುಂದೆ ಬಂದ. ಅಭಿನಂದನೆಯೋ ಬಂಧನವೋ ಅವನಿಗೆ ತಿಳಿಯಲಿಲ್ಲ. ಎರಡಕ್ಕೂ ಹೊಂದುವಂತೆ ತಲೆ ಬಾಗಿಸಿದ.

ಅದೇ ಹೊತ್ತಿಗೆ ಮೂಲೆಯಲ್ಲಿ ಬಸ್ಸು ನಿಂತು ಒನೊರೀನ್ ಇಳಿದಳು. ಪೆಟ್ಟಿಗೆ ಹಿಡಿದು ಬಂದವಳು ಜನರನ್ನೂ ಮೇಜನ್ನೂ ಬಿಳಿ ಉಡುಪನ್ನೂ ಕಂಡು ಬಣ್ಣಗೆಟ್ಟಳು. ಗಂಡ ಸತ್ತಿದ್ದಾನೆ ಎಂದುಕೊಂಡಳು. ಮದುವೆಯ ಕೋಟಿನಲ್ಲಿ ಅವನು ಎದ್ದು ನಿಂತಿರುವುದು ಕಂಡ ಮೇಲೆ ಉಸಿರು ಬಂತು. ಆಮೇಲೆ ಅವಳ ಕಣ್ಣು ಮೋಟುಗೋಡೆಯ ಕಡೆ ತಿರುಗಿತು.

ಅವಳು ಬಟ್ಟೆ ಒಣಗಿಸುವ ಹಗ್ಗ ಎತ್ತುವಂತೆ ಹಳದಿ ಪಟ್ಟಿ ಎತ್ತಿ ಒಳಗೆ ಬಂದಳು.

"ಮುಟ್ಟಬೇಡಿ ಮದಾಂ! ರೋಗ!"

"ರೋಗ!" ಎಂಬ ಮಾತು ಜನರ ಬಾಯಲ್ಲಿ ಅಲೆಯಂತೆ ಹಿಂದೆ ಸರಿಯಿತು, ಜನರೂ ಅದರ ಜೊತೆ ಸರಿದರು.

ಒನೊರೀನ್ ಬಗ್ಗಿ ಉಗುರಿನಿಂದ ಕಡ್ಡಿಯ ತೊಗಟೆ ಗೀರಿದಳು. ಒಳಗೆ ಹಸಿರಿಲ್ಲ. ಮುರಿದಳು, ಚಟ್ ಎಂದಿತು. ಇನ್ನೊಂದು ಗಿಡ, ಮತ್ತೊಂದು ಗಿಡ. ಎಲ್ಲ ಚಟ್.

"ರೋಗ ಇಲ್ಲ ಸ್ವಾಮಿ. ಮರದ ತನಕ ಕತ್ತರಿಸಿದಾರೆ. ಮುದಿ ಮರದಿಂದ ಲ್ಯಾವೆಂಡರ್ ಚಿಗುರಲ್ಲ. ಸತ್ತಿದೆ, ಅಷ್ಟೆ." ಅವಳು ತಿರುಗಿದಳು. "ಊರ ತುಂಬ ಹೀಗೇ ಇದೆಯಲ್ಲ, ಬಸ್ಸಿಂದ ನೋಡ್ದೆ. ಇದು ಯಾರ ಬುದ್ಧಿ?"

ಒಂದು ಕ್ಷಣದ ಹಿಂದೆ ಆ ಅಂಗಳದ ತುಂಬ ತಾತಂದಿರಿದ್ದರು. ಈಗ ಒಬ್ಬರೂ ಇರಲಿಲ್ಲ.

"ಅದು ಕಾಸಿಮಿರ್ ಪದ್ಧತಿ," ಎಂದರು ಮೇಯರ್, ಎದೆಯ ಮೇಲಿನ ಪಟ್ಟಿಯನ್ನು ಮೆಲ್ಲನೆ ಜೇಬಿಗೆ ತುರುಕುತ್ತ. "ನಾನು ಮೊದ್ಲಿಂದ್ಲೂ ಅನುಮಾನ ಪಟ್ಟಿದ್ದೆ."

"ಅವನು ಹೇಳ್ದ ಅಂತ ನಾವು," ಎಂದ ತಿತೆನ್.

"ಬೇರಿಗೆ ಸಿಟ್ಟು ಬರುತ್ತೆ ಅಂದ!" ಎಂದರು ಫಿಲೊಮೆನ್.

ಕಾಸಿಮಿರ್ ಹೆಂಡತಿಯ ಮುಖ ನೋಡಿದ. ಅವಳ ಕೈಯಲ್ಲಿ ಆ ಮುರಿದ ಕಡ್ಡಿಯಿತ್ತು. ಬದುಕಿನಲ್ಲಿ ಮೊದಲ ಬಾರಿಗೆ ಅವನು ಒಂದು ಮಾತನ್ನು ಪೂರ್ತಿಯಾಗಿ ಹೇಳಿದ.

"ಪದ್ಧತಿ ಗಿದ್ಧತಿ ಏನೂ ಇಲ್ಲ. ಒನೊರೀನ್ ಹೇಳಿದ್ದು ನಂಗೆ ಸರಿಯಾಗಿ ಕೇಳಿಸ್ಲಿಲ್ಲ. ತಪ್ಪಾಗಿ ಕತ್ತರಿಸ್ದೆ. ಮದಾಂ ಫಿಲೊಮೆನ್ ಕೇಳ್ದಾಗ ನಾಚಿಕೆಯಾಗಿ ಬಾಯಿಗೆ ಬಂದದ್ದು ಹೇಳ್ದೆ. ನಮ್ಮ ತಾತ ಲ್ಯಾವೆಂಡರ್ ಮುಟ್ಟಿದೋನೇ ಅಲ್ಲ. ಅವನಿಗೆ ಸೀನು ಬರ್ತಿತ್ತು. ಎಲ್ರೂ ಕ್ಷಮಿಸ್ಬೇಕು."

ತಿತೆನ್ ನಿಧಾನವಾಗಿ ತಲೆಯಾಡಿಸಿದ.

"ನೋಡಿದ್ರಾ ಹೇಗೆ ಮುಚ್ಚಿಡ್ತಾನೆ!"

"ಏನನ್ನ?" ಎಂದ ಕಾಸಿಮಿರ್.

"ಕೊನೇ ಹಂತಾನ! ಅರ್ಧ ಹೇಳ್ಕೊಟ್ಟು ಅರ್ಧ ಒಳಗಿಟ್ಕೊಂಡಿದ್ದಾನೆ. ಅದಕ್ಕೇ ನಮ್ಮದೆಲ್ಲ ಒಣಗಿದ್ದು."

"ಕೊನೇ ಹಂತ ಇಲ್ಲ ಮಾರಾಯಾ! ಮೊದಲ್ನೇ ಹಂತಾನೇ ಇಲ್ಲ!"

"ಕಾಸಿಮಿರ್," ಮೇಯರ್ ದನಿ ಗದ್ಗದವಾಯಿತು. "ಊರಿನ ಮಾನ ಇದೆ. ಕೈ ಮುಗೀತೀನಿ, ಹೇಳ್ಬಿಡು."

ಜನ ಪದ್ಧತಿಯನ್ನು ಬಿಡಲು ಸಿದ್ಧರಿರಲಿಲ್ಲ. ಪದ್ಧತಿ ಸುಳ್ಳಾದರೆ ತಾವು ಮೂರ್ಖರಾಗಬೇಕಿತ್ತು. ಕಾಸಿಮಿರ್ ಗುಟ್ಟು ಮುಚ್ಚಿಟ್ಟಿದ್ದರೆ ಅವನೊಬ್ಬನೇ ದುಷ್ಟ. ಊರಿಗೆ ಊರೇ ಎರಡನೆಯದನ್ನು ಆರಿಸಿಕೊಂಡು ಅವನನ್ನು ಸುತ್ತುಗಟ್ಟಿತು. ಲಾಂಗ್ಲೆ ಮುಸುಕು ತೆಗೆದು, "ಬೀಟ್‌ರೂಟಿನ ಸೀಮೇಲಿ ಹೀಗಾಗ್ತಿರ್ಲಿಲ್ಲ," ಎನ್ನುತ್ತ ಒಂದು ಆಲಿವ್ ಬಾಯಿಗೆ ಹಾಕಿಕೊಂಡರು.

ಒನೊರೀನ್ ಮೋಟುಗೋಡೆಯ ಮೇಲೆ ಕುಳಿತಿದ್ದಳು. ಗಿಡಗಳನ್ನು ನೋಡಿದಳು, ಗಂಡನನ್ನು ನೋಡಿದಳು, ಅವನ ಕೋಟು ಹಿಡಿದು ಜಗ್ಗುತ್ತಿದ್ದ ಪೋಸ್ಟ್‌ಮ್ಯಾನನನ್ನು ನೋಡಿದಳು. ಕಡ್ಡಿ ಕೆಳಗಿಟ್ಟು ಎದ್ದಳು.

"ಬಿಡ್ರಿ ಅವನನ್ನ. ಕೊನೇ ಹಂತ ನಾನು ಹೇಳ್ತೀನಿ."

ಊರು ಕಿವಿಯಾಯಿತು.

"ಬೋಳು ಗಿಡಾನ ಬೇರು ಸಮೇತ ಕಿತ್ತು ಹಾಕ್ಬೇಕು. ಆ ಗುಂಡಿಗೆ ಕಲ್ಲುಮಣ್ಣು ತುಂಬಿ ಹೊಸ ಸಸಿ ನೆಡ್ಬೇಕು. ನೆಡೋಕೆ ಇದೇ ತಿಂಗಳು ಸರಿ. ಮುಂದಿನ ವರ್ಷದಿಂದ ಹೂ ಮುಗಿದ ಮೇಲೆ ಸವರ್ಬೇಕು, ಹಸಿರು ಬಿಟ್ಟು. ಹಸಿರು ಬಿಟ್ಟು! ಕೇಳಿಸ್ತಾ?"

"ಅಷ್ಟೇನಾ?"

"ಅಷ್ಟೇ. ಸಸಿ ಫುಲ್‌ಕ್ರಾನ್ ಹೊಲದಲ್ಲಿ ಸಿಗುತ್ತೆ."

"ಹಾಂ!" ಮೇಯರ್ ಹಣೆ ಚಚ್ಚಿಕೊಂಡರು. "ಈಗ ನೆನಪಾಯ್ತು. ನಮ್ಮ ತಾತಾನೂ ಹೀಗೇ ಕೀಳ್ತಿದ್ದ!" ಪಟ್ಟಿ ಜೇಬಿನಿಂದ ಮತ್ತೆ ಹೊರಬಂತು. ತಿತೆನ್‌ನ ತಾತನೂ ಕೀಳುತ್ತಿದ್ದನಂತೆ. ಗುದ್ದಲಿ ತರಲು ಎಲ್ಲರೂ ಮನೆ ಕಡೆ ಓಡಿದರು. ಫಿಲೊಮೆನ್ ಹೋಗುವಾಗ ಚೀಸಿನ ತಟ್ಟೆಯನ್ನೂ ಒಯ್ದರು.

ಅಂಗಳ ಖಾಲಿಯಾದ ಮೇಲೆ ಕಾಸಿಮಿರ್ ಹೆಂಡತಿಯ ಪಕ್ಕ ಬಂದು ನಿಂತ.

"ಅಮ್ಮನ ಗಿಡ, ಒನೊರೀನ್. ನಾನು..."

"ಸುಮ್ನಿರು." ಅವಳು ಮೂಗು ಒರೆಸಿಕೊಂಡಳು. "ಅಮ್ಮ ಇದ್ದಿದ್ರೆ ಎಂದೋ ಕಿತ್ತು ಹಾಕಿರ್ತಿದ್ಲು. ಗಿಡಕ್ಕೆ ವಯಸ್ಸಾದ್ರೆ ಅವಳು ಯೋಚನೇನೇ ಮಾಡ್ತಿರ್ಲಿಲ್ಲ, ಕಿತ್ತು ಹೊಸದು ನೆಡ್ತಿದ್ಲು. ನಾನೇ ಕೈ ಬರದೆ ಇಟ್ಕೊಂಡಿದ್ದೆ. ನಡುವೆ ಬರೀ ಕಟ್ಟಿಗೆ, ಅಂಚಲ್ಲಿ ನಾಲ್ಕು ಹೂ. ಹೋಗು, ಕೋಟು ಬಿಚ್ಚಿಟ್ಟು ಸನಿಕೆ ತಗೊಂಡ್ ಬಾ."

ಇಬ್ಬರೂ ಸೇರಿ ಕಿತ್ತರು. ಬೇರುಗಳು ಬಿಡಲೊಲ್ಲದೆ ಬಿಟ್ಟವು. ಅವಳು ಹಿಡಿದು ಎಳೆದಳು, ಅವನು ಅವಳನ್ನು ಹಿಡಿದು ಎಳೆದ. ಒಮ್ಮೆ ಇಬ್ಬರೂ ಹಿಂದಕ್ಕೆ ಬಿದ್ದರು. ಅವಳು ನಕ್ಕಳು. ಆ ನಗುವಿನಲ್ಲಿ ಸ್ವಲ್ಪ ಅಳುವೂ ಇತ್ತು. ಅವನಿಗೆ ನಗು ಮಾತ್ರ ಕೇಳಿಸಿತು.

ಊಟಕ್ಕೆ ಕುಳಿತಾಗ ಕಾಸಿಮಿರ್ ಬಹಳ ಹೊತ್ತು ಸೂಪಿನಲ್ಲಿ ಚಮಚ ಆಡಿಸುತ್ತ ಯೋಚಿಸುತ್ತಿದ್ದ. ಮುಖದಲ್ಲಿ ಒಂದು ಸಣ್ಣ ಅಸಮಾಧಾನವಿತ್ತು.

"ಏನು?" ಎಂದಳು ಒನೊರೀನ್.

"ಏನಿಲ್ಲ. ಬೇಜಾರು ಮಾಡ್ಕೋಬೇಡ, ಒಂದು ಮಾತು." ಅವನು ಚಮಚ ಕೆಳಗಿಟ್ಟ. "ಈ ಪದ್ಧತಿಗೆ ಒಂದು ಕೊನೇ ಹಂತ ಇದೆ ಅಂತ ನಿಂಗೆ ಗೊತ್ತಿತ್ತಲ್ಲ? ಮೊದ್ಲೇ ಯಾಕೆ ಹೇಳ್ಲಿಲ್ಲ?"